ಸುಸನ್ನಾಳ ಹಾಡಿನ ಪುಸ್ತಕ

ಅಮೆರಿಕದ ಅಯೋವಾದಲ್ಲಿ, ಎಲ್ಲವೂ ಎಲ್ಲರದು ಎಂದು ನಂಬಿದ ಭಕ್ತರ ಆ ಹಳ್ಳಿ ಒಟ್ಟಿಗೆ ದುಡಿದು ಒಟ್ಟಿಗೆ ಉಂಡ ಕಾಲದ ಸಾಮಾನೆಲ್ಲ ಹಳೆಯ ಅಡುಗೆಮನೆಯಲ್ಲಿತ್ತು. ಅದರ ಬೀಗದಕೈ ಅದನ್ನು ನೋಡಿಕೊಳ್ಳುವ ಯೆಟ್ಟಿಯ ಸೊಂಟದಲ್ಲಿತ್ತು. ಹೋದ ಚಳಿಗಾಲ ನಯವಾದ ಮಾತಿನವನೊಬ್ಬ, "ನಮ್ಮತ್ತೆಯದು" ಎಂದು ಕಣ್ಣೊರೆಸಿಕೊಂಡು ಕೈಬರಹದ ಹಾಡಿನ ಪುಸ್ತಕವೊಂದನ್ನು ಒಯ್ದಿದ್ದ. ಅದರಿಂದ ಕಿತ್ತ ಬಣ್ಣದ ಪುಟ ಆಮೇಲೆ ಶಿಕಾಗೋದ ಅಂಗಡಿಯೊಂದರಲ್ಲಿ ಚೌಕಟ್ಟಿನೊಳಗೆ ನೇತಾಡುತ್ತಿತ್ತು. ಅಂದಿನಿಂದ ಯೆಟ್ಟಿ ಮಜ್ಜಿಗೆಯನ್ನೂ ಊದಿ ಕುಡಿಯುವವಳಾಗಿದ್ದಳು.

ಈಗ ಇನ್ನೊಬ್ಬ ಬಂದಿದ್ದ. ಹೆಸರು ರೋಲ್ಫ್, ಊರು ಡುಬ್ಯೂಕ್.

"ಸುಸನ್ನಾ ಹೈನ್‌ಲೆ ನಮ್ಮಜ್ಜಿ. ಅವರ ಪುಸ್ತಕ ನಿಮ್ಮ ಹತ್ರ ಇದೆಯಂತೆ. ಅಮ್ಮನಿಗೆ ಮೈ ಸರಿಯಿಲ್ಲ. ತನ್ನ ತಾಯಿ ಕೈಬರಹ ಒಂದ್ಸಲ ನೋಡ್ಬೇಕು ಅಂತಾಳೆ."

"ಎಲ್ಲರ ಅಮ್ಮಂದಿರೂ ಪುಸ್ತಕ ಇರೋ ಊರಿಗೇ ಮಗನನ್ನ ಕಳಿಸಿ ಹಾಸಿಗೆ ಹಿಡೀತಾರಪ್ಪ. ಅಜ್ಜಿಯನ್ನ ಎಲ್ಲಿ ಮಣ್ಣು ಮಾಡಿದ್ರು, ಗೊತ್ತೇನು?"

"ಇಲ್ಲೇ. ಅಜ್ಜನ ಪಕ್ಕದಲ್ಲಿ."

ಯೆಟ್ಟಿ ಬಾಗಿಲು ಎಳೆದುಕೊಂಡಳು. "ನಮ್ಮಲ್ಲಿ ಗಂಡನ ಪಕ್ಕ ಹೆಂಡತಿಯನ್ನ ಮಲಗಿಸೋದಿಲ್ಲ ಸ್ವಾಮಿ. ಸತ್ತ ಸರದಿಯಲ್ಲೇ ಮಲಗಬೇಕು. ಇಷ್ಟೂ ತಿಳೀದೆ ಮೊಮ್ಮಗ ಆಗೋಕೆ ಬಂದ್ರಲ್ಲ, ಹೋಗಿ."

ಅವನು ಹೊರಟೇಬಿಟ್ಟ. ಕಳ್ಳನಾಗಿದ್ದರೆ ಇನ್ನೊಂದು ಸುಳ್ಳನ್ನಾದರೂ ಹೇಳುತ್ತಿದ್ದ ಎಂಬುದು ಅವಳ ತಲೆಯಲ್ಲಿ ಹುಳುವಾಗಿ ಕೊರೆಯಿತು. ಸ್ವಲ್ಪ ಹೊತ್ತಿಗೆ, ಕಲ್ಲನ್ನೇ ನೋಡಿಬಿಡೋಣವೆಂದು ಸ್ಮಶಾನದ ಕಡೆ ನಡೆದಳು. ಅವನ ಕಾರು ಗೇಟಿನ ಬಳಿಯೇ ನಿಂತಿತ್ತು. ಹೆಸರುಗಳನ್ನು ಬರೆದುಕೊಂಡು ಮುಂದಿನ ಮನೆಗೆ ಹೊಸ ಅಜ್ಜಿಯನ್ನು ಹುಡುಕಿಕೊಳ್ಳುತ್ತಿದ್ದಾನೆ ಎಂದುಕೊಂಡಳು.

ಅವನ ಕೈಯಲ್ಲಿ ಕಾಗದವಿರಲಿಲ್ಲ. ಒಂದೇ ಎತ್ತರದ ಬಿಳಿ ಕಲ್ಲುಗಳ ಆರನೇ ಸಾಲಿನಲ್ಲಿ ಸುಮ್ಮನೆ ನಿಂತಿದ್ದ. ಸುಸನ್ನಾ ಹೈನ್‌ಲೆ. ಪಕ್ಕದಲ್ಲಿ ಗಾಟ್‌ಲೀಬ್ ಹೈನ್‌ಲೆ. ಇಬ್ಬರಿಗೂ ಒಂದೇ ತಾರೀಕು, ಇನ್‌ಫ್ಲುಯೆಂಜಾ ಬಂದ ವರ್ಷದ್ದು. ಬೆಳಿಗ್ಗೆ ಒಬ್ಬರು, ಸಂಜೆ ಒಬ್ಬರು ಹೋಗಿದ್ದರೆ ಸರದಿಯೇ ಅವರನ್ನು ಜೋಡಿ ಮಾಡಿರಬೇಕು. ಪ್ರತಿ ವಸಂತದಲ್ಲೂ ಯೆಟ್ಟಿ ಈ ಕಲ್ಲುಗಳನ್ನು ತೊಳೆದಿದ್ದಳು, ಓದಿರಲಿಲ್ಲ.

ಆದರೂ ಅನುಮಾನ ಬಿಡಲಿಲ್ಲ. ಕಲ್ಲನ್ನು ಯಾರು ಬೇಕಾದರೂ ಓದಬಹುದು.

"ಇವರು ಅಣ್ಣ ತಂಗಿಯೂ ಇರಬಹುದಲ್ಲ? ಗಂಡ ಹೆಂಡತಿ ಅಂತ ಕಲ್ಲು ಹೇಳೋದಿಲ್ಲ."

"ಅಮ್ಮ ಹೇಳಿದ್ದು," ಎಂದ ರೋಲ್ಫ್. "ಆಗ ಅವಳಿಗೆ ಏಳು ವರ್ಷ. ಎರಡು ಗುಂಡಿ ನೋಡಿ, 'ನಮ್ಮಮ್ಮಂದು ಯಾವುದು' ಅಂತ ಕೇಳಿದ್ಳಂತೆ. ಗಡ್ಡದ ಹಿರಿಯರೊಬ್ಬರು, 'ಇಲ್ಲಿ ಯಾರೂ ಯಾರವರೂ ಅಲ್ಲ ಮಗು' ಅಂದ್ರಂತೆ. ಅದಕ್ಕೇ ಅವಳ ಚಿಕ್ಕಪ್ಪ ಕರ್ಕೊಂಡು ಹೋದ ಮೇಲೆ ಅಮ್ಮ ಈ ಕಡೆ ತಿರುಗಿ ನೋಡಲಿಲ್ಲ."

ಯೆಟ್ಟಿಯ ತಾಯಿ ಸತ್ತ ದಿನವೂ ಹಿರಿಯರು ಅವಳಿಗೆ ಅದನ್ನೇ ಹೇಳಿದ್ದರು. ಎಲ್ಲರೂ ದೇವರವರು ಎಂದು ಸಮಾಧಾನಕ್ಕೆಂದೇ ಹೇಳಿದ್ದು. ಅದನ್ನು ಅವಳು ಎಂದೂ ಯಾರ ಮುಂದೆಯೂ ಆಡಿರಲಿಲ್ಲ; ಇಲ್ಲಿ ಗುಂಡಿಯ ಮುಂದೆ ನಿಂತ ಮಗುವಿಗಲ್ಲದೆ ಹೊರಗಿನವರಿಗೆ ಅದು ತಿಳಿಯುವಂತಿರಲಿಲ್ಲ.

ಅವಳು ಅಡುಗೆಮನೆಗೆ ಹಿಂತಿರುಗಿ, ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿ, ಕೋಟು ಹಾಕಿಕೊಂಡು ಬಂದಳು. ರೋಲ್ಫ್ ಎರಡೂ ಕೈ ಚಾಚಿದ. ಅವಳು ಅವನನ್ನು ದಾಟಿ ಹೋಗಿ ಕಾರಿನಲ್ಲಿ ಕೂತು, ಗಂಟನ್ನು ಮಡಿಲಲ್ಲಿಟ್ಟುಕೊಂಡಳು.

"ನಿನ್ನ ಕೈಗೆ ಕೊಡೋದಿಲ್ಲಪ್ಪ, ನಿಮ್ಮಮ್ಮನ ಕೈಗೇ ಕೊಡ್ತೀನಿ. ಕಾರು ತೆಗಿ, ಹೊತ್ತಾಗ್ತದೆ."