ಕೆಮ್ಮುವ ಜಾಗ

ಇಡೀ ಊರಿಗೆ ಕೇಳುವಂತೆ ಕೂಗಿ ಬದುಕುವವನಿಗೆ ಏಕಾಂತಪ್ಪ ಎಂದು ಹೆಸರಿಟ್ಟ ನಮ್ಮ ಅಜ್ಜನಿಗೆ ಹಾಸ್ಯಪ್ರಜ್ಞೆ ಇತ್ತೋ ಏನೋ. ಅಪ್ಪ ಇಪ್ಪತ್ತೆಂಟು ವರ್ಷದಿಂದ ಆಟೋಗೆ ಮೈಕ್ ಕಟ್ಟಿಕೊಂಡು ದಾವಣಗೆರೆ, ಹರಿಹರದ ಬೀದಿಗಳಲ್ಲಿ ಅಂಗಡಿ ಉದ್ಘಾಟನೆ, ರಿಯಾಯಿತಿ ಮಾರಾಟ, ರಕ್ತದಾನ ಶಿಬಿರ ಎಂದು ಸಾರುತ್ತಾ ಬಂದವನು. ನಾನು ಅವನ ಮಗ ನಿಂಗರಾಜು, ಬಿ.ಎಡ್. ಮಾಡಿದವನು. ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯ ಒಂದು ಟ್ಯೂಷನ್ ಸೆಂಟರಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ತಂದೆ ಏನು ಮಾಡುತ್ತಾರೆಂದು ಅಲ್ಲಿ ಯಾರಾದರೂ ಕೇಳಿದರೆ 'ಪಬ್ಲಿಸಿಟಿ ಫೀಲ್ಡ್‌ನಲ್ಲಿದ್ದಾರೆ' ಎನ್ನುತ್ತೇನೆ. ಸುಳ್ಳಲ್ಲ. ಫೀಲ್ಡಿನಲ್ಲೇ ಇರುತ್ತಾನೆ, ಬಿಸಿಲಲ್ಲಿ.

ಈ ವರ್ಷ ಅಪ್ಪನ ಗಂಟಲಲ್ಲಿ ಗಂಟು ಕಾಣಿಸಿತು. ಅದನ್ನು ತೆಗೆದ ಡಾಕ್ಟರು ಒಂದು ತಿಂಗಳು ತುಟಿ ಪಿಟಕ್ಕೆನ್ನಬಾರದು ಎಂದರು. ಹರಿಹರದ ಮಸ್ತಾನಸಾಬರ ಗಾದಿ ಅಂಗಡಿಯ ವಾರ್ಷಿಕ ಮಾರಾಟ ಬೇರೆ ಹತ್ತಿರ ಬಂದಿತ್ತು. ಅಪ್ಪ ನನ್ನ ಕಡೆ ಕೈ ತೋರಿಸಿ, ಮುಷ್ಟಿಯನ್ನು ಮೈಕಿನಂತೆ ಬಾಯಿಗೆ ಹಿಡಿದ. ಅಮ್ಮ ಅದಕ್ಕೆ ಮಾತು ಕೊಟ್ಟಳು.

"ಒಂದು ತಿಂಗ್ಳು ಆಟೋದಾಗೆ ನೀನು ಕೂಡ್ರು ಅಂತಾರಪ. ಅವರ ದನೀನೇ ಐತೆ ನಿಂಗೆ."

"ಇದಕ್ಕೇನಮ್ಮ ನಾನು ಓದಿದ್ದು? ಬ್ಯಾಡ. ರೆಕಾರ್ಡ್ ಮಾಡಿ ಕೊಡ್ತೀನಿ, ಅಪ್ಪ ಬರೀ ಗಾಡಿ ಓಡಿಸಿದ್ರಾತು."

ಅಪ್ಪ ಮುಷ್ಟಿ ಬಿಚ್ಚಿದ.

ಅಪ್ಪನ ದನಿ ತೆಗೆಯುವುದು ನನಗೆ ನೀರು ಕುಡಿದಷ್ಟು ಸುಲಭ. ಕಾಲೇಜಿನ ಮೂರು ವರ್ಷವೂ ಮಿಮಿಕ್ರಿಯಲ್ಲಿ ಮೊದಲ ಬಹುಮಾನ ತಂದುಕೊಟ್ಟವನೇ ಅವನು. ಅದು ಅವನಿಗೆ ಗೊತ್ತಿರಲಿಲ್ಲ. ಶಿಸ್ತಾಗಿ ಒಂದು ರೆಕಾರ್ಡಿಂಗ್ ಮುಗಿಸಿದ ಮೇಲೆ ಗೆಳೆಯ ರೇವಂತನಿಗೆಂದು ಇನ್ನೊಂದು ಮಾಡಿದೆ. ಅದರಲ್ಲಿ ಅಪ್ಪ 'ಮಹಾಜನಗಳೇಏಏ' ಎಂದು ಎಳೆಯುವುದು, 'ಪ್ರೀ, ಪ್ರೀ, ದಿಂಬು ಪ್ರೀ' ಎನ್ನುವುದು, ನಡುನಡುವೆ ಗೊರಗೊರ ಕೆಮ್ಮುವುದು ಎಲ್ಲ ಇತ್ತು. ಕೊನೆಗೆ ಅದೇ ದನಿಯಲ್ಲಿ ನನ್ನದೊಂದು ಒಗ್ಗರಣೆ: "ನನ್ ಮಗ ಬಿ.ಎಡ್. ಮಾಡ್ಯಾನ್ರೀ, ಈ ಮೈಕ್ ಹಿಡಿಯಾಕೆ ನಾಚ್ಕೋತಾನ್ರೀಈಈ!" ರೇವಂತ ಕೇಳಿ ಬಿದ್ದು ಬಿದ್ದು ನಕ್ಕಿದ್ದ.

ಪೆನ್‌ಡ್ರೈವಿಗೆ ಹಾಕುವಾಗ ಫೋಲ್ಡರನ್ನೇ ಎತ್ತಿ ಹಾಕಿದೆ. ಒಳಗೆ ಎರಡೂ ಇದ್ದವು. ಆಟೋದ ಪ್ಲೇಯರು ಒಳಗಿದ್ದದ್ದನ್ನೆಲ್ಲ ಸುತ್ತಿ ಸುತ್ತಿ ಹಾಡುತ್ತದೆ.

ಮರುದಿನ ಮಧ್ಯಾಹ್ನ ತರಗತಿಯ ನಡುವೆ ಮಸ್ತಾನಸಾಬರ ಫೋನು.

"ಏನೋ ರಾಜು, ಕಮಾಲ್ ಮಾಡಿಬಿಟ್ಟಿ! ಜನ ಅಂಗಡಿ ಬಿಟ್ಟು ರೋಡಿಗೆ ಬಂದು ನಗ್ತದಾರೆ. ಆ ಕೆಮ್ಮು ಐತಲ್ಲ, ವಾಹ್!"

"ಯಾವ ಕೆಮ್ಮು ಸಾಬ್ರೇ?" ಎಂದೆ. ಕೇಳುವಾಗಲೇ ಆ ಫೋಲ್ಡರು ನೆನಪಾಗಿತ್ತು. "ಅಪ್ಪ... ಅಪ್ಪ ಏನ್ ಮಾಡ್ತದಾರೆ?"

"ಏನ್ ಮಾಡ್ತಾನೆ? ಓಡಿಸ್ತದಾನೆ. ನಾಳೆನೂ ಇದೇ ಇರ್ಲಿ ಅಂದೆ, ಆತು ಅಂತ ತಲೆ ಅಲ್ಲಾಡಿಸಿದ."

ನಿಲ್ಲಿಸಲು ಒಂದು ಗುಂಡಿ ಒತ್ತಿದ್ದರೆ ಸಾಕಿತ್ತು. ಅಪ್ಪ ಬೆಳಿಗ್ಗೆಯಿಂದ ಬೀದಿ ಬೀದಿ ತಿರುಗಿ ನನ್ನ ಅಣಕವನ್ನು ತಾನೇ ಊರಿಗೆ ಕೇಳಿಸಿದ್ದ.

ಸಂಜೆ ಆನೆಕೊಂಡದ ನಮ್ಮ ಮನೆಗೆ ಬಂದಾಗ ಅಪ್ಪ ಕೈಕಾಲು ತೊಳೆದು, ಕರಪತ್ರದ ಹಿಂದೆ ಏನೋ ಬರೆದು ನನ್ನ ಮುಂದಿಟ್ಟ. ಓದು ಬಾರದ ಅಮ್ಮ, "ಏನಂತೆ? ಗಟ್ಟಿಯಾಗಿ ಓದು" ಎಂದಳು.

ಓದಿದೆ. "ಕೆಮ್ಮು ತಪ್ಪು ಜಾಗದಾಗೆ ಹಾಕೀಯ. ನಾನು ಅಂಗಡಿ ಹೆಸರು ಹೇಳಿದ ಮೇಲೆ ಕೆಮ್ಮೋದು. ಮೊದಲೇ ಕೆಮ್ಮಿದರೆ ಹೆಸರು ಜನಕ್ಕೆ ಕೇಳಲ್ಲ."

"ಇನ್ನೊಂದು ಸಾಲು ಐತಲ್ಲ?" ಅಮ್ಮ ಬೆರಳಿಟ್ಟು ತೋರಿಸಿದಳು.

"ಕೊನೇ ಮಾತು ನಾನು ಯಾರ ಹತ್ರಾನೂ ಹೇಳಿದ್ದಿಲ್ಲ."

"ಯಾವ ಮಾತು?" ಎಂದು ಅಮ್ಮ ಇಬ್ಬರ ಮುಖವನ್ನೂ ನೋಡಿದಳು. ಅಪ್ಪ ಮಾತಾಡುವಂತಿರಲಿಲ್ಲ. ಮಾತಾಡಬಹುದಾಗಿದ್ದ ನಾನು ಕರಪತ್ರ ಮಡಿಸಿ ಜೇಬಿಗೆ ಹಾಕಿಕೊಂಡೆ.

ಬೆಳಿಗ್ಗೆ ಟ್ಯೂಷನ್ನಿಗೆ ರಜೆ ಹೇಳಿ, ಪೆನ್‌ಡ್ರೈವ್ ಕಿತ್ತು ಜೇಬಿಗೆ ಹಾಕಿಕೊಂಡು ಆಟೋದ ಹಿಂದಿನ ಸೀಟಿನಲ್ಲಿ ಕೂತೆ. ಅಪ್ಪ ಕನ್ನಡಿಯಲ್ಲಿ ಒಮ್ಮೆ ನೋಡಿದ, ವೈರು ಬಿಡಿಸಿ ಮೈಕ್ ಕೊಟ್ಟ. ಹರಿಹರ ಮುಟ್ಟುವವರೆಗೂ ಅದನ್ನು ಮಡಿಲಲ್ಲಿಟ್ಟುಕೊಂಡಿದ್ದೆ.

ಗಾದಿ ಅಂಗಡಿಯ ಮುಂದೆ ಮಸ್ತಾನಸಾಬರು ನಾಲ್ಕು ಜನರನ್ನು ಸೇರಿಸಿಕೊಂಡೇ ನಿಂತಿದ್ದರು. "ಬರ್ರಿ, ಇವತ್ತು ಖುದ್ದು ಬಂದಾನೆ! ಹಾಕಪ, ನಿಮ್ಮಪ್ಪನ್ನ ಹಾಕು!"

"ಇವತ್ತು ನನ್ನ ದನೀಲೇ ಹೇಳ್ತೀನಿ ಸಾಬ್ರೇ" ಎಂದೆ.

ಹೇಳಿದೆ. ಪಾಠದ ದನಿ, ಶುದ್ಧ ಉಚ್ಚಾರ, 'ಫ್ರೀ'ಗೆ ಸರಿಯಾದ 'ಫ'. ತರಕಾರಿ ಕೊಳ್ಳುತ್ತಿದ್ದವರು ತಲೆ ಕೂಡ ಎತ್ತಲಿಲ್ಲ. ಸಾಬರ ನಗು ಅರ್ಧಕ್ಕೆ ನಿಂತಿತು; ಅವರೂ ಅವರ ಜನವೂ ಅಂಗಡಿಯ ಕಡೆ ಮುಖ ತಿರುಗಿಸಿದರು. ನಾನು ಬೆವರುತ್ತಾ ಅಂಗಡಿಯ ಹೆಸರಿಗೆ ಬಂದೆ. ಹೆಸರು ಮುಗಿದ ಕ್ಷಣವೇ ಅಪ್ಪ ಸೀಟಿನಲ್ಲಿ ಹಿಂದಕ್ಕೆ ತಿರುಗಿ, ಮೈಕಿನ ಮೇಲಿದ್ದ ನನ್ನ ಕೈಯನ್ನು ತನ್ನ ಬಾಯಿಯ ಹತ್ತಿರ ಎಳೆದುಕೊಂಡು ಕೆಮ್ಮಿದ. ಹೊಲಿಗೆ ಹಾಕಿದ ಗಂಟಲಿನ ಕೆಮ್ಮು. ಸರಿಯಾದ ಜಾಗದಲ್ಲಿ.

ಬೀದಿಗೆ ಬೀದಿಯೇ ತಿರುಗಿ ನಕ್ಕಿತು.

"ಅರೆ, ಥೇಟ್ ಏಕಾಂತಪ್ಪ!" ಸಾಬರು ನನ್ನ ಬೆನ್ನು ತಟ್ಟಿದರು. "ನೋಡ್ರಿ, ಹೆಂಗೆ ಕೆಮ್ತಾನೆ ಮಗ!"

ಅಪ್ಪ ಅಷ್ಟರಲ್ಲಿ ಮುಂದಕ್ಕೆ ತಿರುಗಿ ಗಂಟಲು ಒತ್ತಿ ಹಿಡಿದುಕೊಂಡಿದ್ದ. ಅದು ನಾನಲ್ಲ ಎನ್ನಲು ಬಾಯಿ ತೆರೆದೆ. ಎಲ್ಲರೂ ನನ್ನನ್ನೇ ನೋಡಿ ನಗುತ್ತಿದ್ದರು. ಮೈಕ್ ಆನ್ ಇತ್ತು.

"ಮಹಾಜನಗಳೇಏಏ" ಎಂದೆ.