ಮಲಗಿದ ರಾಜ, ಎದ್ದ ಚಕ್ರವರ್ತಿ

ಈ ವರ್ಷ ದಸರೆಗೆ ಗೊಂಬೆ ಕೂರಿಸುವುದು ಬೇಡ ಎಂದು ಜಯಾ ಆಗಸ್ಟ್ ತಿಂಗಳಲ್ಲೇ ಹೇಳಿಬಿಟ್ಟಿದ್ದಳು. ನಮ್ಮ ಮಗಳು ಆದ್ಯಾ ಶಾಲೆಯ ಕೊನೆಯ ವರ್ಷವಾದ ಇಯರ್ ಟ್ವೆಲ್ವ್‌ನಲ್ಲಿದ್ದಳು, ಹಬ್ಬ ಮುಗಿದ ಕೆಲವೇ ವಾರಗಳಲ್ಲಿ ಪರೀಕ್ಷೆ. ಕಾರಣ ಸರಿಯಾಗಿಯೇ ಇತ್ತು. ಆದರೆ ಈ ಪರದೇಶದ ವೆರಿಬೀ ಊರಿನ ನಮ್ಮ ಮನೆಯಲ್ಲಿ ಮೂವರಿಗೂ ಗೊತ್ತಿದ್ದ ಇನ್ನೊಂದು ಕಾರಣವೂ ಇತ್ತು. ಹಿಂದಿನ ವರ್ಷ ಪೆಟ್ಟಿಗೆಯಿಂದ ಗೊಂಬೆ ತೆಗೆಯುವಾಗ ಆದ್ಯಾ, "ಇದು ನಿನ್ನ ಹಬ್ಬ ಅಮ್ಮಾ, ನಂದಲ್ಲ" ಎಂದಿದ್ದಳು. ಕೋಪವಿರಲಿಲ್ಲ, ಇವತ್ತು ಮೋಡ ಇದೆ ಎನ್ನುವ ಹಾಗೆ ಹೇಳಿದ್ದಳು. ಜಯಾಳಿಗೆ ಹೆಚ್ಚು ನೋವಾದದ್ದು ಅದರಿಂದಲೇ.

ನಮ್ಮ ಪಟ್ಟದ ಗೊಂಬೆಗಳು, ಅಂದರೆ ಮೇಲಿನ ಮೆಟ್ಟಿಲಲ್ಲಿ ನಿಲ್ಲುವ ಮರದ ರಾಜ ಮತ್ತು ರಾಣಿ, ಮೈಸೂರಿನ ತವರಿನಿಂದ ಜಯಾಳಿಗೆ ಮದುವೆಯಲ್ಲಿ ಬಂದವು. ಅವಳ ತಾಯಿ ವೇದಾವತಿಯವರಿಗೂ ಹಾಗೆಯೇ ಬಂದಿದ್ದವು. ಮುಂದೆ ಆದ್ಯಾಳಿಗೆ ಹೋಗಬೇಕು. ಹಬ್ಬವೇ ನನ್ನದಲ್ಲ ಎನ್ನುವವಳ ಕೈಗೆ ಅವನ್ನು ಹೇಗೆ ಕೊಡುವುದು ಎಂಬುದು ಜಯಾಳ ಚಿಂತೆ.

ಸೆಪ್ಟೆಂಬರಿನ ಒಂದು ಸಂಜೆ ಆದ್ಯಾ ತಾನಾಗಿಯೇ ಅಡುಗೆಮನೆಗೆ ಬಂದಳು. ಶಾಲೆಯಲ್ಲಿ ಅವಳು ಆರಿಸಿಕೊಂಡ ಇತಿಹಾಸದ ವಿಷಯದ ಹೆಸರೇ 'ರೆವಲ್ಯೂಷನ್ಸ್'.

"ಗೊಂಬೆ ನಾನೇ ಕೂರಿಸ್ತೀನಿ. ಥೀಮ್ ಮಾತ್ರ ನಂದು. ಫ್ರೆಂಚ್ ರೆವಲ್ಯೂಷನ್. ದಿನಾ ಒಂದೊಂದು ಸೀನ್ ಚೇಂಜ್ ಮಾಡ್ತೀನಿ, ನಂಗೆ ರಿವಿಷನ್ನೂ ಆಗುತ್ತೆ."

ಜಯಾ ಚಪಾತಿ ಹಿಟ್ಟಿನಿಂದ ಕೈ ತೆಗೆಯಲಿಲ್ಲ. "ಅದರಲ್ಲಿ ರಾಜನ ತಲೆ ಕಡೀತಾರಲ್ವೇನೇ?"

"ಹೂಂ, ಕಡೀತಾರೆ."

"ಹಾಗಿದ್ರೆ ಕೇಳು. ತಲೆ ಮುಟ್ಟೋ ಹಾಗಿಲ್ಲ. ಕೆಂಪು ಪೇಂಟ್ ಬಳಿಯೋ ಹಾಗಿಲ್ಲ. ಪಟ್ಟದ ಗೊಂಬೆ ಮೇಲಿನ ಮೆಟ್ಟಿಲು ಬಿಟ್ಟು ಇಳಿಯೋ ಹಾಗಿಲ್ಲ. ಒಪ್ಪಿಗೆ ಇದ್ರೆ ಮಾಡು."

"ಡೀಲ್," ಎಂದಳು ಆದ್ಯಾ.

ಮೆಟ್ಟಿಲು ಕಟ್ಟುವುದು ನನ್ನ ಕೆಲಸ. ನಾನು ನೀರಿನ ಮಾದರಿಗಳನ್ನು ಪರೀಕ್ಷಿಸುವ ಲ್ಯಾಬಿನಲ್ಲಿ ದುಡಿಯುವವನು. ಓರೆಯಾದ ಹಲಗೆಯನ್ನು ಕಂಡರೆ ನನಗೆ ಊಟ ಸೇರುವುದಿಲ್ಲ. ಪುಸ್ತಕದ ಕಪಾಟಿನ ಹಲಗೆಗಳನ್ನು ಪ್ಲಾಸ್ಟಿಕ್ ಪೆಟ್ಟಿಗೆಗಳ ಮೇಲಿಟ್ಟು, ರಸಮಟ್ಟ ಹಿಡಿದು, ಬಿಳಿ ಪಂಚೆ ಹೊದಿಸಿದೆ. ಜಯಾ ಕಳಶ ಇಟ್ಟಳು, ರಾಜ ರಾಣಿಯರನ್ನು ನಿಲ್ಲಿಸಿದಳು. ಉಳಿದದ್ದು ಆದ್ಯಾಳ ರಾಜ್ಯ.

ಮೊದಲ ದಿನ ಫ್ರಾನ್ಸ್ ತನ್ನ ಹಳೆಯ ವ್ಯವಸ್ಥೆಯಲ್ಲಿತ್ತು. ರಾಜ ರಾಣಿಯರ ಕೆಳಗೆ ಪಾದ್ರಿಗಳ ಮೆಟ್ಟಿಲು. ಅಲ್ಲಿ ಮದುವೆ ಸೆಟ್ಟಿನ ಪುರೋಹಿತರು ಕೂತರು. ಅದರ ಕೆಳಗೆ ಶ್ರೀಮಂತರು. ಅರಮನೆ ಮೆರವಣಿಗೆಯ ಪೇಟದ ಗೊಂಬೆಗಳಿಗೆ ಆ ಭಾಗ್ಯ ಸಿಕ್ಕಿತು. ಎಲ್ಲಕ್ಕಿಂತ ಕೆಳಗೆ ಉಳಿದವರೆಲ್ಲ: ಅಕ್ಕಿ ಬೇಳೆ ಮುಂದಿಟ್ಟುಕೊಂಡ ಶೆಟ್ಟಿ ದಂಪತಿ, ತರಕಾರಿ ಮಾರುವ ಹೆಂಗಸರು, ನೇಗಿಲು ಹೊತ್ತ ರೈತ, ಯಾರೆಂದು ಬರೆದ ಚೀಟಿಯೇ ಇಲ್ಲದ ಒಂದು ಕಾಂಗರೂ. ತೆರಿಗೆ ಕಟ್ಟುತ್ತಿದ್ದವರು ಮುಖ್ಯವಾಗಿ ಇವರೇ ಎಂದು ಆದ್ಯಾ ಆರತಿಗೆ ಬಂದ ಹೆಂಗಸರಿಗೆ ವಿವರಿಸಿದಳು.

"ಈಗೇನು ಬೇರೆ ಐತೇನು?" ಎಂದರು ಪಕ್ಕದ ಬೀದಿಯ ಸಂಧ್ಯಾರಾಣಿ. ಅವರು ಧಾರವಾಡದವರು. "ನನ್ನ ಪೇ ಸ್ಲಿಪ್ ತೋರಸ್ಲೇನು?"

ಎಲ್ಲರೂ ನಕ್ಕರು. ಜಯಾಳೂ ನಕ್ಕಳು. ಮರುದಿನ ಕೆಳಗಿನವರು ಸಭೆ ಸೇರಿ, ಸಂವಿಧಾನ ಸಿಗುವವರೆಗೆ ಚದುರುವುದಿಲ್ಲ ಎಂದು ಆಣೆಯಿಟ್ಟರು. ಆಮೇಲೆ ರಟ್ಟಿನ ಬ್ಯಾಸ್ಟಿಲ್ ಕೋಟೆ ಬಿತ್ತು. ಮರುದಿನ ತರಕಾರಿ ಹೆಂಗಸರು ಬ್ರೆಡ್ ಕೇಳುತ್ತ ಅರಮನೆಗೇ ನಡೆದರು. ದಿನದಿನಕ್ಕೂ ನೋಡಲು ಬರುವವರು ಹೆಚ್ಚಾದರು. ಆದ್ಯಾ ಬೆಳಗ್ಗೆ ಎದ್ದ ಕೂಡಲೇ ಗೊಂಬೆಯ ಮುಂದೆ ಪುಸ್ತಕ ಹಿಡಿದು ಕೂರುತ್ತಿದ್ದುದನ್ನು ಜಯಾ ಕಾಫಿ ಲೋಟ ಹಿಡಿದು ಬಾಗಿಲಿನಿಂದಲೇ ನೋಡುತ್ತಿದ್ದಳು.

ಐದನೆಯ ದಿನ, ಇಲ್ಲಿನ ಫುಟ್‌ಬಾಲ್ ಆಟವಾದ ಫುಟಿಯ ಫೈನಲ್‌ನ ಹಿಂದಿನ ದಿನದ ರಜೆ. ನನ್ನ ಅತ್ತೆ ವೇದಾವತಿ ಸಿಡ್ನಿಯಿಂದ ಬರುವವರಿದ್ದರು. ಅವರು ಇರುವುದು ಅಲ್ಲಿನ ಗಿರಾವೀನ್ ಬಡಾವಣೆಯಲ್ಲಿ, ಮಗ ಸುಮುಖನ ಮನೆಯಲ್ಲಿ. ಸುಮುಖ ಚಾಟ್ಸ್‌ವುಡ್‌ನ ಆಫೀಸಿಗೆ ಹೋಗುವ ಮೊದಲು ಅವರನ್ನು ವಿಮಾನ ಹತ್ತಿಸಿದ್ದ. ಇಲ್ಲಿ ಏರ್‌ಪೋರ್ಟಿನಿಂದ ಕರೆತಂದವನು ನಾನು. ದಾರಿಯುದ್ದಕ್ಕೂ ಅವರು ಮೊಮ್ಮಗಳು ಗೊಂಬೆ ಕೂರಿಸಿದ್ದನ್ನೇ ಹೇಳಿಕೊಂಡು ಹಿಗ್ಗಿದರು.

ಮನೆಯೊಳಗೆ ಕಾಲಿಟ್ಟಾಗ ಜಯಾ, ಆದ್ಯಾ, ಸಂಧ್ಯಾರಾಣಿ ಮೂವರೂ ಗೊಂಬೆಯ ಮುಂದೆ ನಿಂತಿದ್ದರು. ಮೊದಲು ಬಾಯಿಬಿಟ್ಟವರು ಸಂಧ್ಯಾರಾಣಿ.

"ಬರ್ರೀ ಅಮ್ಮಾರ, ಬರ್ರಿ. ನಾ ಉಸಳಿ ಕೊಡಾಕ ಬಂದಿದ್ದೆ. ನೋಡಿದ್ರ ನಿಮ್ಮ ರಾಜಾ ಮಲಗ್ಯಾನ. ಹಬ್ಬ ಮುಗೀತೇನು ಅಂತ ಕೇಳಿದೆ, ಅಷ್ಟ. ಜಯಾ ಅವರ ಮುಖಾನ ಇಳದು ಹೋತು."

ರಾಜ ಮೇಲಿನ ಮೆಟ್ಟಿಲಲ್ಲೇ ಇದ್ದ. ಆದರೆ ಕೆಂಪು ರವಿಕೆ ಕಣದ ಮೇಲೆ, ಅಂಗಾತ ಮಲಗಿದ್ದ. ರಾಣಿ ಒಬ್ಬಳೇ ನಿಂತಿದ್ದಳು.

"ಅಪ್ಪಾ, ರೂಲ್ಸ್ ಪ್ರಕಾರಾನೇ ಮಾಡಿದೀನಿ," ಎಂದಳು ಆದ್ಯಾ. "ತಲೆ ಇದೆ. ಪೇಂಟ್ ಇಲ್ಲ. ಟಾಪ್ ಸ್ಟೆಪ್‌ನಲ್ಲೇ ಇದಾನೆ. ಇವತ್ತು ಎಕ್ಸಿಕ್ಯೂಷನ್ ಸೀನ್, ಅದಕ್ಕೆ ಜಸ್ಟ್ ಮಲಗಿಸಿದೆ. ವಾಟ್ಸ್ ರಾಂಗ್?"

ತಪ್ಪು ಏನೆಂದು ಅವಳಿಗೆ ನಿಜವಾಗಿ ಗೊತ್ತಿರಲಿಲ್ಲ. ನಮ್ಮಲ್ಲಿ ವಿಜಯದಶಮಿಯ ಆರತಿಯಾದ ಮೇಲೆ ಪಟ್ಟದ ಗೊಂಬೆಯನ್ನು ಮೆಲ್ಲಗೆ ಮಲಗಿಸುತ್ತೇವೆ. ಮಲಗಿಸಿದರೆ ಆ ವರ್ಷದ ಹಬ್ಬ ಮುಗಿಯಿತು. ಆಮೇಲೆ ಆರತಿಯಿಲ್ಲ, ಹಾಡಿಲ್ಲ, ಯಾರನ್ನೂ ಕರೆಯುವುದಿಲ್ಲ. ಜಯಾ ಅದನ್ನು ಪ್ರತಿವರ್ಷ ಒಬ್ಬಳೇ ಮಾಡಿ ಮುಗಿಸುತ್ತಿದ್ದಳು. ಆ ಹೊತ್ತಿಗೆ ಆದ್ಯಾ ತನ್ನ ಕೋಣೆ ಸೇರಿರುತ್ತಿದ್ದಳು. ರಾಜನಿಗೆ ಎಳ್ಳಷ್ಟೂ ನೋವಾಗದಂತೆ ಶಿಕ್ಷೆ ಕೊಡಲು ಹೋಗಿ, ಮಗಳು ನಡುಹಬ್ಬದಲ್ಲೇ ದಸರೆ ಮುಗಿಸಿಬಿಟ್ಟಿದ್ದಳು.

"ಎಬ್ಬಿಸಿ ನಿಲ್ಲಿಸಿದ್ರಾಯ್ತಲ್ಲ?" ಎಂದೆ ನಾನು.

"ಹಾಗೆಲ್ಲ ಎಬ್ಬಿಸಬಾರದು ರೀ," ಎಂದಳು ಜಯಾ. "ಮಲಗಿದ ರಾಜನ್ನ ಅದೇ ಹಬ್ಬದಲ್ಲಿ ಎಬ್ಬಿಸಲ್ಲ. ಸಾಯಂಕಾಲಕ್ಕೆ ಅಷ್ಟು ಜನಾನ್ನ ಕರೆದಿದೀನಿ. ಏನಂತ ಹೇಳಲಿ?"

"ಎಬ್ಬಿಸಿದ್ರೂ ತಪ್ಪಾಗುತ್ತೆ," ಎಂದಳು ಆದ್ಯಾ. "ಈ ರಾಜ ಲೂಯಿ ಸತ್ತುಹೋದ. ಅವನು ಎದ್ದು ನಿಲ್ಲಲ್ಲ. ಸುಳ್ಳು ಹಿಸ್ಟರಿ ಮಾಡಕ್ಕಾಗಲ್ಲ ನಂಗೆ. ಆರತಿಗೋಸ್ಕರ ಎಬ್ಬಿಸಲೇಬೇಕು ಅಂದ್ರೆ ನೀವೇ ಎಬ್ಬಿಸ್ಕೊಳ್ಳಿ, ನಾನು ಇನ್ನು ಇದಕ್ಕೆ ಕೈ ಹಾಕಲ್ಲ."

ಜಯಾ ಅವಳ ಮುಖವನ್ನೇ ನೋಡಿದಳು. ವರ್ಷವಿಡೀ ಜಯಾ ಹೆದರಿದ್ದು ಈ ಮಾತಿಗೇ.

ಅತ್ತೆ ಇನ್ನೂ ಕೋಟು ಬಿಚ್ಚಿರಲಿಲ್ಲ. ಮೆಟ್ಟಿಲ ಹತ್ತಿರ ಹೋಗಿ, ಕನ್ನಡಕ ಸರಿಮಾಡಿಕೊಂಡು ರಾಜನನ್ನು ಬಗ್ಗಿ ನೋಡಿದರು. "ಒಳ್ಳೇ ನಿದ್ದೆ. ನಮ್ಮಮ್ಮನ ಕಾಲದಿಂದ ಹಬ್ಬ ಮುಗಿಯೋವರೆಗೂ ನಿಂತೇ ಇರ್ತಿದ್ದ ಪಾಪ," ಎಂದರು. ಆಮೇಲೆ ಮೊಮ್ಮಗಳತ್ತ ತಿರುಗಿದರು. "ಯಾಕೇ ಕಡಿದ್ರು ಇವನನ್ನ? ಇಳಿಸಿದ್ರೆ ಸಾಲದಾಗಿತ್ತಾ? ನಮ್ಮ ಮಹಾರಾಜರೂ ಅಂಬಾರಿಯಿಂದ ಇಳಿದ್ರು. ಯಾರೂ ಅವರ ತಲೆ ತಂಟೆಗೆ ಹೋಗ್ಲಿಲ್ಲ. ಅಂಬಾರಿ ಖಾಲಿ ಹೋಗಬಾರದು ಅಂತ ತಾಯಿ ಚಾಮುಂಡೇಶ್ವರೀನ ಕೂರಿಸಿದ್ರು, ಅಷ್ಟೇ."

ಆದ್ಯಾ ಕಣ್ಣೊರೆಸಿಕೊಂಡಳು. "ಅವರೂ ದೇವೀನ ಕೂರಿಸಿದ್ರು ಅಜ್ಜಿ. ಬುದ್ಧಿ ದೇವಿ ಅಂತ. ದೊಡ್ಡ ಚರ್ಚಿನಲ್ಲೇ."

"ಅಯ್ಯೋ ಹೌದಾ! ನಿಂತಳಾ?"

"ಇಲ್ಲ. ಒಂದು ವರ್ಷಾನೂ ನಿಲ್ಲಲಿಲ್ಲ."

"ಮತ್ತೆ ಪಟ್ಟಕ್ಕೆ ಯಾರು ಬಂದ್ರು?"

"ಕೊನೇಲಿ ನೆಪೋಲಿಯನ್. ಎಂಪರರ್ ಆದ. ಆದ್ರೆ ಅದು ತುಂಬಾ ಆಮೇಲೆ. ಹತ್ತು ವರ್ಷಕ್ಕಿಂತ ಜಾಸ್ತಿ."

"ಹಾಗಾದ್ರೆ ದಾರಿ ಇದೆ," ಎಂದರು ಅತ್ತೆ. "ಜಯಾ ಹೇಳಿದ್ದು ಸರಿ, ಮಲಗಿದ ರಾಜ ಮಲಗಿದ ಹಾಗೇ. ಆದ್ರೆ ಹೊಸಬನಿಗೆ ಪಟ್ಟ ಕಟ್ಟಬಾರದು ಅಂತ ನಮ್ಮಮ್ಮ ಎಲ್ಲೂ ಹೇಳಿಲ್ಲ. ಹಳೇ ಹೆಸರು ಮಲಗಲಿ, ಹೊಸ ಹೆಸರು ಏಳಲಿ. ಏನಂತೀಯ ಜಯಾ?"

ಜಯಾ ತಾಯಿಯನ್ನೂ ಗೊಂಬೆಯನ್ನೂ ನೋಡಿ, "ನೀನು ಹೇಳಿದ್ರೆ ಸರಿ ಅಮ್ಮಾ," ಎಂದಳು. ಆದ್ಯಾ ಮಾತ್ರ ಒಪ್ಪಲಿಲ್ಲ.

"ಆ ಹತ್ತು ವರ್ಷ ಸ್ಕಿಪ್ ಮಾಡಕ್ಕಾಗಲ್ಲ ಅಜ್ಜಿ. ಅದರಲ್ಲೇ ಎಲ್ಲಾ ಆಗೋದು."

"ಸ್ಕಿಪ್ ಮಾಡು ಅಂತ ಯಾರಂದ್ರು? ಸಾಯಂಕಾಲದೊಳಗೆ ನಂಗೆ ಹೇಳಿ ಮುಗಿಸು. ನಾನು ಅಷ್ಟರಲ್ಲಿ ಆ ನೆಪೋಲಿಯನ್‌ಗೆ ಅಂಗಿ ಹೊಲೀತೀನಿ. ನೀಲಿ ಬಟ್ಟೆ ಇದ್ರೆ ಕೊಡ್ರೇ ಯಾರಾದ್ರೂ."

ಸಂಧ್ಯಾರಾಣಿ ಓಡಿಹೋಗಿ ನೀಲಿ ಖಣದ ತುಂಡು ತಂದರು.

ಆಮೇಲಿನ ಎರಡು ಗಂಟೆ ನನಗೆ ಚೆನ್ನಾಗಿ ನೆನಪಿದೆ. ನಮ್ಮೊಂದಿಗೆ ಇಂಗ್ಲಿಷಿನಲ್ಲೇ ಹೆಚ್ಚು ಮಾತಾಡುವ ಆದ್ಯಾ ಅಜ್ಜಿಗಾಗಿ ಎಲ್ಲವನ್ನೂ ಕನ್ನಡದಲ್ಲಿ ಹೇಳಬೇಕಾಯಿತು. ಪುಸ್ತಕದಲ್ಲಿದ್ದ ದೊಡ್ಡ ಪದಗಳು ಅವಳ ಸಹಾಯಕ್ಕೆ ಬರಲಿಲ್ಲ. 'ಟೆರರ್' ಎಂಬುದನ್ನು, ಪಕ್ಕದ ಮನೆಯವನು ನಿನ್ನ ಹೆಸರು ಹೇಳಿದರೆ ಸಾಕು, ನಾಳೆ ನೀನಿಲ್ಲ ಎಂದು ಬಿಡಿಸಿದಳು. ಕಡಿಯಿರಿ ಎಂದವರನ್ನೇ ಕೊನೆಗೆ ಕಡಿದರು ಎಂದಳು. ಹೇಳುತ್ತಲೇ ಗೊಂಬೆಗಳನ್ನು ಸರಿಸುತ್ತಿದ್ದಳು: ಪುರೋಹಿತರು ಮೂಲೆಗೆ, ಪೇಟದವರು ಗಡಿ ದಾಟಿ ಕಿಟಕಿಯ ಕಟ್ಟೆಗೆ, ಶೆಟ್ಟಿ ದಂಪತಿ ಒಂದು ಮೆಟ್ಟಿಲು ಮೇಲಕ್ಕೆ, ರೈತ ಅವರ ಪಕ್ಕಕ್ಕೆ.

ನನಗೆ ಆ ಕಾಲದ ಒಬ್ಬನೇ ಮನುಷ್ಯ ಗೊತ್ತಿದ್ದ, ರಸಾಯನಶಾಸ್ತ್ರಜ್ಞ ಲವಾಸಿಯೇ. ಆಮ್ಲಜನಕಕ್ಕೆ ಹೆಸರಿಟ್ಟವನನ್ನೂ ಬಿಡಲಿಲ್ಲ ಅವರು ಎಂದೆ.

"ಆದ್ರೆ ಮೀಟರ್ ಕೊಟ್ಟಿದ್ದೂ ಅವರೇ ಅಪ್ಪಾ," ಎಂದಳು ಆದ್ಯಾ. "ರಾಜನ ಪಾದದ ಅಳತೆ ಬೇಡ, ಭೂಮಿಯ ಅಳತೆ ಸಾಕು ಅಂತ."

ಅದು ನನಗೆ ಗೊತ್ತಿತ್ತು. ಆದರೆ ಅಷ್ಟು ಚೆನ್ನಾಗಿ ಹೇಳಲು ಬರುತ್ತಿರಲಿಲ್ಲ.

"ಆಮೇಲೆ ಐದು ಜನ ಸೇರಿ ರಾಜ್ಯ ಆಳಿದ್ರು. ಜಗಳ. ದುಡ್ಡಿಗೆ ಬೆಲೆ ಇಲ್ಲ, ಬ್ರೆಡ್ ತುಟ್ಟಿ. ಜನಕ್ಕೆ ಸಾಕಾಗಿಹೋಯ್ತು. ಆಗ ಸೇನಾಧಿಪತಿ ಬಂದ. ಜನಾನೇ ಓಟ್ ಹಾಕಿದ್ರು, ನೀನೇ ಚಕ್ರವರ್ತಿ ಆಗು ಅಂತ."

"ಸಾಚಾ ಓಟೇನು?" ಸಂಧ್ಯಾರಾಣಿ ಕೇಳಿದರು.

"ಡೌಟ್ ಆಂಟಿ."

ಅತ್ತೆ ದಾರ ಕಡಿದು ಪುಟ್ಟ ಅಂಗಿಯನ್ನು ಬೆಳಕಿಗೆ ಹಿಡಿದರು. "ಅಂದ್ರೆ ಇಷ್ಟೆಲ್ಲಾ ಮಾಡಿ ಮತ್ತೆ ಒಬ್ಬ ರಾಜಾನೇ ಬಂದ. ಹಾಗಾದ್ರೆ ಕೆಳಗಿನ ಮೆಟ್ಟಿಲಿನವರನ್ನೂ ಹಳೇ ಜಾಗಕ್ಕೆ ಇಡ್ತೀಯಾ?"

ಆದ್ಯಾ ಮೆಟ್ಟಿಲುಗಳನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ರೈತನನ್ನು ಎತ್ತಿ ಕೆಳಗಿಡಲು ಕೈ ಚಾಚಿ, ಹಿಂದೆಗೆದಳು.

"ಇಲ್ಲ," ಎಂದಳು ನಿಧಾನವಾಗಿ. "ಆಗ ಮಾರಿದ ಚರ್ಚಿನ ಜಮೀನು ಕೊಂಡವರ ಹತ್ರಾನೇ ಉಳೀತು. ಹುಟ್ಟಿನಿಂದ ಬಂದ ತೆರಿಗೆ ಮಾಫಿ ವಾಪಸ್ ಬರ್ಲಿಲ್ಲ. ಮೇಲಿನ ಮೆಟ್ಟಿಲು ಮಾತ್ರ ತುಂಬಿತು. ಕೆಳಗಿನವು ಹಳೇ ತರ ಆಗ್ಲಿಲ್ಲ." ಆಮೇಲೆ ಇಂಗ್ಲಿಷಿನಲ್ಲಿ ತನಗೆ ತಾನೇ ಏನೋ ಹೇಳಿಕೊಂಡಳು, ಯಾವುದೋ ಪ್ರಬಂಧಕ್ಕೆ ಅದೇ ಉತ್ತರವಂತೆ.

"ಸರಿ, ಈಗ ಏಳ್ತಾನಾ ಇವನು? ನಿನ್ನ ಹಿಸ್ಟರಿ ಒಪ್ಪುತ್ತಾ?"

"ಒಪ್ಪುತ್ತೆ. ಆದ್ರೆ ಅಜ್ಜಿ, ಅವನು ಯಾರ ಕೈಯಿಂದಾನೂ ಕಿರೀಟ ಹಾಕಿಸ್ಕೊಳ್ಳಲಿಲ್ಲ. ಪೋಪ್ ಬಂದು ನಿಂತಿದ್ರೂ ತಾನೇ ಎತ್ತಿ ಇಟ್ಕೊಂಡ."

"ಸೊಕ್ಕು ನೋಡು! ಮರದ ಕೈ ಮಡಚಲ್ಲ ಕಣೇ, ನೀನೇ ಇಡು."

ಆದ್ಯಾ ಕೈ ತೊಳೆದು ಬಂದಳು. ಯಾರೂ ಹೇಳಿರಲಿಲ್ಲ. ಎರಡೂ ಕೈಯಿಂದ ಗೊಂಬೆಯನ್ನು ಎತ್ತಿ, ನೀಲಿ ಅಂಗಿ ತೊಡಿಸಿ, ಕಪ್ಪು ಕಾಗದದ ಟೋಪಿಯಿಟ್ಟು, ರಾಣಿಯ ಪಕ್ಕ ನಿಲ್ಲಿಸಿದಳು. ಅವಳು ಹಿಂದೆ ಸರಿದಾಗ, ಇಷ್ಟು ಹೊತ್ತು ಅರಿಶಿನ ಕುಂಕುಮದ ತಟ್ಟೆ ಜೋಡಿಸುತ್ತಿದ್ದ ಜಯಾ ಮುಂದೆ ಬಂದಳು.

"ಇವಳು ಯಾರೇ ಈಗ? ಹಳೇ ರಾಣೀನೇನಾ?"

ಆದ್ಯಾ ಬಾಯಿಗೆ ಕೈಯಿಟ್ಟಳು. "ಅಯ್ಯೋ, ಲೂಯಿ ಹೆಂಡ್ತಿ ಮಾರೀನ ಮರೆತೇಬಿಟ್ಟೆ! ಅವಳನ್ನೂ ಕಡಿದ್ರು, ಅವಳೂ ಮಲಗಬೇಕಿತ್ತು. ಈಗಿನವಳು ಜೋಸೆಫಿನ್."

"ಅವಳು ಒಂದು ನಿಮಿಷ ನಿದ್ದೆ ಮಾಡಿದ್ಲು ಅಂದ್ಕೋ," ಎಂದಳು ಜಯಾ. ತನ್ನ ಕೈಯ ಮುತ್ತಿನ ಬ್ರೇಸ್ಲೆಟ್ ಬಿಚ್ಚಿ, ಎರಡು ಸುತ್ತು ಮಾಡಿ ರಾಣಿಯ ಕೊರಳಿಗೆ ಹಾಕಿದಳು. "ಹೊಸ ಚಕ್ರವರ್ತಿ ಹೆಂಡ್ತಿ ಹಳೇ ಸರದಲ್ಲಿ ನಿಲ್ಲೋದಾ? ಸ್ವಲ್ಪ ಓರೆಯಾಯ್ತಲ್ಲ. ಆದ್ಯಾ, ಆ ಕಡೆ ಹಿಡಿ ಪುಟ್ಟಾ."

ಆದ್ಯಾ ಹಿಡಿದಳು. ಬಾಗಿಲ ಕರೆಗಂಟೆ ಸದ್ದಾಯಿತು. ಆರತಿಗೆ ಬಂದವರಿಗೆ ಬಾಗಿಲು ತೆರೆಯಲು ನಾನು ಹೋದೆ.