ಷರಾ: ಕೂಡಿ ಬಾಳುತ್ತಿದ್ದಾರೆ

ಮೂರನೆಯ ಸಲ ಹೋದಾಗ ರೆಕಾರ್ಡ್ ಕೀಪರ್ ಹುಡುಗಿ ನನ್ನ ಮುಖ ನೋಡಿ ನಿಟ್ಟುಸಿರು ಬಿಟ್ಟಳು. ನಿಟ್ಟುಸಿರು ಬಿಡಬೇಕಾದವಳು ನಾನು. ಕನ್ನಡಕದ ಅಂಗಡಿಯಲ್ಲಿ ಅರ್ಧ ಉಜ್ಜಿದ ಗಾಜುಗಳನ್ನು ಹಾಗೇ ಬಿಟ್ಟು, ಎರಡು ಬಸ್ಸು ಬದಲಿಸಿ ಬಂದಿದ್ದೆ. ನನಗೆ ಬೇಕಾದದ್ದು ಒಂದೇ ಒಂದು ಹಾಳೆ. ಆರು ವರ್ಷದ ಹಿಂದೆ ಇದೇ ಕೋರ್ಟಿನಲ್ಲಿ ನನಗೆ ವಿಚ್ಛೇದನ ಸಿಕ್ಕಿತ್ತು ಎನ್ನುವ ಡಿಕ್ರಿಯ ನಕಲು. ಶುಕ್ರವಾರ ನನ್ನ ಎರಡನೇ ಮದುವೆಯ ನೋಂದಣಿ. ಆ ಹಾಳೆ ಇಲ್ಲದಿದ್ದರೆ ನೋಂದಣಿ ಕಚೇರಿಯವರು ಪುಸ್ತಕವನ್ನೇ ತೆರೆಯುವುದಿಲ್ಲ. ಇವತ್ತು ಬುಧವಾರ. ನಾಳೆಯಿಂದ ಜಡ್ಜ್ ಒಂದು ತಿಂಗಳು ರಜೆ.

"ಸಿಕ್ತಾ?"

"ಸಿಕ್ತು ಅಕ್ಕಾ. ಸಿಗದೇ ಇದ್ದಿದ್ರೇ ಚೆನ್ನಾಗಿತ್ತು."

ಮಂಚದಷ್ಟು ದೊಡ್ಡ ರಿಜಿಸ್ಟರನ್ನು ನನ್ನ ಕಡೆ ತಿರುಗಿಸಿದಳು. ನಮ್ಮಿಬ್ಬರ ಹೆಸರಿನ ಸಾಲಿನ ಕೊನೆಗೆ, ಷರಾ ಎಂಬ ಅಂಕಣದಲ್ಲಿ, ಮುತ್ತು ಪೋಣಿಸಿದಂಥ ಅಕ್ಷರಗಳಿದ್ದವು: 'ಸತಿಪತಿಗಳು ರಾಜಿಯಾಗಿ ಕೂಡಿ ಬಾಳುತ್ತಿದ್ದಾರೆ. ಕಡತ ಮುಕ್ತಾಯ.'

"ಯಾರು ಬಾಳ್ತಿರೋದು?"

"ನೀವೇ. ನಿಮ್ಮ ಹಳೇ ಯಜಮಾನ್ರ ಜೊತೆ."

"ಅವರ ಮುಖ ನೋಡಿ ಆರು ವರ್ಷ ಆಯ್ತಲ್ಲಮ್ಮಾ!"

ಅವಳು ವಿವರಿಸಿದಳು. ಅವಳಿಗಿಂತ ಮುಂಚೆ ಆ ಕುರ್ಚಿಯಲ್ಲಿದ್ದ ಹಿರಿಯರದ್ದು ಒಂದು ಪದ್ಧತಿಯಂತೆ. ಇಬ್ಬರೂ ಒಪ್ಪಿ ಬೇರೆಯಾದ ಪ್ರಕರಣಗಳಲ್ಲಿ ಜಡ್ಜ್ ಆದೇಶಕ್ಕೆ ಸಹಿ ಹಾಕಿದ ಮೇಲೂ ಅವರು ಡಿಕ್ರಿ ಬರೆಯುತ್ತಿರಲಿಲ್ಲ. ಕಡತವನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಒಂದು ವರ್ಷ ಕಿಟಕಿ ಪಕ್ಕದ ಕಪಾಟಿನಲ್ಲಿ ಇಡುತ್ತಿದ್ದರು. ವರ್ಷದೊಳಗೆ ಯಾರಾದರೂ ನಕಲು ಕೇಳಿಕೊಂಡು ಬಂದರೆ ಬರೆದುಕೊಡುವುದು. ಯಾರೂ ಬರದಿದ್ದರೆ ಜಗಳ ತಣ್ಣಗಾಯಿತೆಂದು ತಿಳಿದು ಈ ಷರಾ ಗೀಚಿ ಅಟ್ಟಕ್ಕೆ ಹಾಕುವುದು. ಸುತ್ತಲಿನ ಅಷ್ಟೂ ಹಳ್ಳಿಗಳಿಗೆ ಇದೊಂದೇ ಕೋರ್ಟು. ಹೀಗೇಕೆ ಎಂದು ಕೇಳಿದವರಿರಲಿಲ್ಲ.

"ಎಷ್ಟು ಜೋಡಿ ಹೀಗೆ ಬಾಳ್ತಿದೆ?"

"ನಲವತ್ಮೂರು. ಸಿಕ್ಕಿಬಿದ್ದಿರೋದು ನಿಮ್ಮದೇ ಮೊದಲು."

"ಎಲ್ಲಿದಾರೆ ಆ ಪುಣ್ಯಾತ್ಮರು? ಕರೆಸು."

"ಹೋದ ವರ್ಷ ತೀರ್ಕೊಂಡ್ರು ಅಕ್ಕಾ."

ಬೈಯುವ ಸುಖವೂ ಕೈತಪ್ಪಿತು.

ಷರಾ ಹೊಡೆದುಹಾಕಲು ದಾರಿ ಇತ್ತು. ಹಳೆಯ ಆದೇಶದ ಮೇಲೆ ಜಡ್ಜರ ಸಹಿ ಗಟ್ಟಿಯಾಗಿಯೇ ಇದೆ. ನಾವು ಕೂಡಿ ಬಾಳಿಲ್ಲ ಎಂದು ಇಬ್ಬರೂ ಅರ್ಜಿ ಬರೆದು, ಐದು ಗಂಟೆಯೊಳಗೆ ಜಡ್ಜ್ ಮುಂದೆ ನಿಂತರೆ ಡಿಕ್ರಿ ಇವತ್ತೇ ಸಿಗುತ್ತದೆ. ಇಬ್ಬರೂ. ನಾನು ಹೊರಗೆ ಬಂದು ಹಳೇ ಗಂಡನಿಗೆ ಫೋನ್ ಮಾಡಿದೆ. ಅವನು ಕೋರ್ಟಿರುವ ಊರಿನಲ್ಲೇ ನೀರಿನ ಪಂಪು ರಿಪೇರಿ ಮಾಡುತ್ತಾನೆ. ಎಲ್ಲವನ್ನೂ ಕೇಳಿಸಿಕೊಂಡು ಅವನು ಹೇಳಿದ್ದು ಒಂದೇ ಮಾತು.

"ನೋಡೋಣ."

ಈ 'ನೋಡೋಣ'ದ ಜೊತೆ ಎರಡು ವರ್ಷ ಸಂಸಾರ ಮಾಡಿದವಳು ನಾನು. ಪರದೆಗೆ ಯಾವ ಬಣ್ಣ ಎಂದರೆ ನೋಡೋಣ, ಮನೆ ಬದಲಿಸೋಣವೇ ಎಂದರೆ ನೋಡೋಣ. ವಿಚ್ಛೇದನ ಬೇಕು ಎಂದಾಗಲೂ ಅದನ್ನೇ ಹೇಳಿ, ಆಮೇಲೆ ತೋರಿಸಿದ ಕಡೆ ಸಹಿ ಹಾಕಿದ್ದ.

ಮೂರೂ ಮುಕ್ಕಾಲಿಗೆ ಬಂದ. ಉಗುರಿನ ಸಂದಿಯಲ್ಲಿ ಗ್ರೀಸು, ಕಿವಿಯ ಹತ್ತಿರ ಹೊಸದಾಗಿ ಬಿಳಿಕೂದಲು.

"ಏನೇ, ನಾವಿನ್ನೂ ಗಂಡ ಹೆಂಡ್ತಿಯಂತೆ? ಮೊದಲೇ ಗೊತ್ತಿದ್ರೆ ಆ ಕಡೆ ಕೆಲಸಕ್ಕೆ ಬಂದಾಗ ಊಟಕ್ಕಾದ್ರೂ ಬರ್ತಿದ್ದೆ."

"ತಮಾಷೆ ಆಮೇಲೆ. ಸಹಿ ಹಾಕ್ರೀ."

"ಹಳೇದರಲ್ಲಿ ಏನಿದೆ? ಆವತ್ತು ನಾನು ಓದೇ ಇಲ್ಲ."

"ಈಗ ಯಾಕೆ ಅದು?"

"ಓದಿ ಹಾಕ್ತೀನಿ. ಒಂದ್ಸಲನಾದ್ರೂ."

ರೆಕಾರ್ಡ್ ಕೀಪರ್ ಗಂಟು ಬಿಚ್ಚಿ ಕೊಟ್ಟಳು. ಅವನು ಹಾಳೆಯನ್ನು ತೋಳುದ್ದ ದೂರ ಹಿಡಿದು ಕಣ್ಣು ಕಿರಿದು ಮಾಡಿದ. ಓದಲು ಕನ್ನಡಕ ಬೇಕಾಗಿದೆ, ಮಾಡಿಸಿಕೊಂಡಿಲ್ಲ. ಅದನ್ನೂ ನೋಡೋಣ ಎಂದಿರಬೇಕು. ನಾಲ್ಕು ಗಂಟೆ. ಅವನು ಮೊದಲ ಸಾಲಿನಲ್ಲೇ ಇದ್ದ. ತಡೆಯಲಾರದೆ ಕಿತ್ತುಕೊಂಡು ನಾನೇ ಓದತೊಡಗಿದೆ. ಅವನ ಮೇಲೆ ನಾನೇ ಬರೆಸಿದ್ದ ದೂರುಗಳನ್ನು ಅವನಿಗೇ.

"ಒಂದನೇ ಅರ್ಜಿದಾರರು ಯಾವ ವಿಷಯದಲ್ಲೂ ತಮ್ಮ ತೀರ್ಮಾನ ತಿಳಿಸುವುದಿಲ್ಲ."

"ನಿಜ."

"ತಿಂಗಳುಗಟ್ಟಲೆ ಮಾತನಾಡುವುದಿಲ್ಲ."

"ತಿಂಗಳು ಇಲ್ಲ. ವಾರ ಅನ್ನು."

"ಎರಡನೇ ಅರ್ಜಿದಾರಳ ತಂದೆ ಆಸ್ಪತ್ರೆಯಲ್ಲಿ ತೀರಿಕೊಂಡಾಗ ಅಲ್ಲಿಗೆ ಬರಲೂ ಇಲ್ಲ."

"ಬಂದಿದ್ದೆ."

"ಏನು?"

"ಗೇಟಿನ ತನಕ. ನಿಮ್ಮಣ್ಣ ಬಾಗಿಲಲ್ಲಿ ನಿಂತಿದ್ದ. ಒಳಗೆ ಹೋಗ್ಲೋ ಬೇಡ್ವೋ ಅಂತ ನಾನೂ ನಿಂತೆ. ಅಷ್ಟರಲ್ಲಿ ಗಾಡಿ ಹೊರಗೆ ಬಂತು. ನೀನು ಮುಂದೆ ಕೂತಿದ್ದೆ. ಮಾವನ ಚಪ್ಪಲಿ ತೊಡೆ ಮೇಲಿಟ್ಕೊಂಡು."

ಆ ಚಪ್ಪಲಿಯ ವಿಷಯ ನಾನು ಯಾರಿಗೂ ಹೇಳಿರಲಿಲ್ಲ. ಅಮ್ಮನಿಗೂ.

"ಹೇಳ್ಬಾರ್ದಿತ್ತೇನ್ರೀ?"

"ಹೇಳೋಣ ಅಂತಿದ್ದೆ."

ತಲೆ ಚಚ್ಚಬೇಕು ಅನ್ನಿಸಿತು. ಅವನದ್ದೋ ನನ್ನದೋ ತಿಳಿಯಲಿಲ್ಲ. ಆ ಒಂದು ರಾತ್ರಿಯ ಕಾರಣಕ್ಕೇ ನಾನು ಮನೆ ಬಿಟ್ಟಿದ್ದೆ. ಮಿಕ್ಕ ದೂರುಗಳೆಲ್ಲ ವಕೀಲರು ಹಾಳೆ ತುಂಬಿಸಲು ಸೇರಿಸಿದ್ದು.

"ಆ ಸಾಲು ತೆಗೆದ್ರೆ ಸಹಿ ಹಾಕ್ತೀನಿ" ಎಂದ.

"ಹಳೇ ಕಡತ ಮುಟ್ಟೋ ಹಾಗಿಲ್ಲಣ್ಣ" ಎಂದಳು ರೆಕಾರ್ಡ್ ಕೀಪರ್. "ಬೇಕಿದ್ರೆ ಆವತ್ತು ಬಂದಿದ್ರಿ ಅಂತ ಇವತ್ತಿನ ಅರ್ಜೀಲಿ ಬರೀಬಹುದು. ಆದ್ರೆ ಅದಕ್ಕೂ ಇದಕ್ಕೂ ಏನು ಸಂಬಂಧ?"

"ಸಂಬಂಧ ಇದೆ. ಬರೀಮ್ಮ."

ಅವನ ಬಾಯಿಂದ ಇಷ್ಟು ಖಡಾಖಂಡಿತವಾದ ಮಾತು ನಾನು ಕೇಳಿದ್ದು ಅದೇ ಮೊದಲು. ಅದಕ್ಕೂ ನಾಲ್ಕೂ ನಲವತ್ತೇ ಆಗಬೇಕಿತ್ತು! ಪಕ್ಕದ ಕೋಣೆಯಲ್ಲಿ ಜವಾನ ಕಿಟಕಿಗಳನ್ನು ಹಾಕುವ ಸದ್ದು ಕೇಳುತ್ತಿತ್ತು. ಹುಡುಗಿ ಟೈಪು ಮಾಡುತ್ತಾ ತಲೆ ಎತ್ತಿದಳು.

"ಗೇಟಿನ ಹತ್ರ ಎಷ್ಟು ಹೊತ್ತು ನಿಂತಿದ್ರಿ?"

ಅವನು ಸೂರು ನೋಡಿದ. "ಅರ್ಧ ಗಂಟೆ ಇರ್ಬೇಕು. ಇಲ್ಲ, ಜಾಸ್ತಿ. ಮಧ್ಯೆ ಒಂದ್ಸಲ ರಸ್ತೆ ದಾಟಿ ಆ ಕಡೆ ಹೋಗಿದ್ದೆ, ಅದನ್ನೂ ಸೇರಿಸಿದ್ರೆ..."

"ರಾತ್ರಿಯಿಡೀ ಅಂತ ಹಾಕಮ್ಮ!" ಎಂದು ಕಿರುಚಿದೆ.

"ಅಷ್ಟೊತ್ತು ಇಲ್ಲ ಕಣೇ."

"ಇರ್ಲಿ ಬಿಡ್ರೀ! ಹಾಕ್ಲಿ!"

ಹಾಕಿದಳು. ಅವನು ಸಹಿ ಮಾಡಿದ, ನಾನೂ ಮಾಡಿದೆ. ಹಸಿ ಶಾಯಿಯ ಹಾಳೆ ಹಿಡಿದು, ಆ ರಿಜಿಸ್ಟರನ್ನೂ ಹೊತ್ತು ಮೂವರೂ ಓಡಿದೆವು. ಜಡ್ಜ್ ಅಷ್ಟರಲ್ಲೇ ಎದ್ದು ಚೀಲ ಹೆಗಲಿಗೇರಿಸಿದ್ದರು. ನಿಂತಲ್ಲೇ ಓದಿದರು. ಕೊನೆಯ ಸಾಲಿಗೆ ಬಂದು ಹುಬ್ಬು ಗಂಟಿಕ್ಕಿ ನನ್ನನ್ನು ನೋಡಿದರು.

"ಇದು ನಿಮಗೆ ಗೊತ್ತಿರೋ ಸಂಗತಿಯೇನಮ್ಮಾ?"

ಪಕ್ಕದಲ್ಲಿ ಅವನು ಉಗುರಿನ ಗ್ರೀಸು ಕೆರೆಯತೊಡಗಿದ.

"ಹೌದು ಸರ್" ಎಂದೆ. "ನಿಂತಿದ್ರು."

ಅವರು ಪೆನ್ನು ತೆಗೆದು ರಿಜಿಸ್ಟರಿನ ಷರಾದ ಮೇಲೆ ಅಡ್ಡಗೆರೆ ಎಳೆದರು.